ನಾಲ್ಕನೇ ಪಕ್ಕೆಲುಬು

ಒಳ್ಳೇ ಕೈ ಎಂದುಬಿಟ್ಟರಲ್ಲ. ಎಲ್ಡನ್ ಸ್ಲೋನ್ ಬೇಸಿನ್ನಿನ ಮುಂದೆ ನಿಂತು ಮೂರನೆಯ ಸಲ ಕೈಗೆ ಸೋಪು ಹಚ್ಚಿಕೊಂಡ. ನಲ್ಲಿಯ ನೀರು ಬಿಸಿಯಾಗಿ ಕನ್ನಡಿಯ ಕೆಳಗಿನ ಅರ್ಧಕ್ಕೆ ಆವಿ ಹಿಡಿದಿತ್ತು. ಅವನ ಮುಖದಲ್ಲಿ ಹಣೆ ಮತ್ತು ಮುಂದಲೆಯ ನರೆಗೂದಲು ಮಾತ್ರ ಉಳಿದಿದ್ದವು. ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ಅವನಿಗೆ ಹೊಸದಲ್ಲ, ಕಲ್ಲಿದ್ದಲು ಗಣಿಯಲ್ಲಿ ಹನ್ನೊಂದು ವರ್ಷ ಬೈಸಿಕೊಂಡೇ ಹೊಟ್ಟೆ ಹೊರೆದವನು. ಆದರೆ ಡಾಕ್ಟರ್ ಆಗ್ನೆಸ್ ಪ್ರೂಯಿಟ್ ಬೈಯಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಪರೀಕ್ಷೆಯ ಹಾಳೆಯ ಮೇಲೆ ಬಾಗಿ, ಬರೆಯುತ್ತಲೇ "ಒಳ್ಳೇ ಕೈ, ಎಲ್ಡನ್" ಅಂದರು. ಅಂದು ಮುಂದಿನ ಮೇಜಿಗೆ ಹೋದರು. ಎರಡು ವರ್ಷದಲ್ಲಿ ಆಕೆ ಯಾರಿಗಾದರೂ ಹಾಗಂದದ್ದನ್ನು ಅವನು ಕೇಳಿರಲಿಲ್ಲ.

ಅವನು ಎರಡು ವರ್ಷದಿಂದ ಓದುತ್ತಿದ್ದ ಕಾಲೇಜಿನಲ್ಲಿ ಬೇರೆ ವೈದ್ಯಕೀಯ ಕಾಲೇಜುಗಳಲ್ಲಿ ಕಲಿಸುವ ಔಷಧ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಕಲಿಸುತ್ತಿದ್ದರು. ಅದರ ಮೇಲೆ ಕೈಯನ್ನೂ ಕಲಿಸುತ್ತಿದ್ದರು. ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಸರಿಪಡಿಸುವ ಆಸ್ಟಿಯೋಪಥಿ ವೈದ್ಯರಾಗಬೇಕಾದರೆ ಬೆರಳಿನ ತುದಿಯಿಂದ ಬೆನ್ನನ್ನು ಓದಬೇಕು, ಯಾವ ಮೂಳೆ ಉಸಿರಿನೊಡನೆ ಏಳುತ್ತದೆ, ಯಾವುದು ಏಳದೆ ಮುಷ್ಕರ ಹೂಡಿದೆ ಎಂದು ಹೇಳಬೇಕು. ಮಂಗಳವಾರ, ಗುರುವಾರ ಬೆಳಿಗ್ಗೆ ದೊಡ್ಡ ಹಾಲಿನಲ್ಲಿ ಮೂವತ್ತು ಮೇಜು ಹಾಕಿ, ಅರ್ಧ ಜನ ಮಲಗಿ ಅರ್ಧ ಜನ ಮುಟ್ಟುತ್ತಿದ್ದರು. ಮಲಗಿದವರೆಲ್ಲ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗ ಹುಡುಗಿಯರು, ನಯವಾದ ಬೆನ್ನಿನವರು. ತನ್ನ ಸರದಿ ಬಂದು ಅಂಗಿ ಬಿಚ್ಚಿದ ಮೊದಲ ದಿನ ಎಲ್ಡನ್‌ನ ಬೆನ್ನಿನಲ್ಲಿ ಕಲ್ಲಿದ್ದಲು ಚರ್ಮದೊಳಗೆ ಸೇರಿ ಹಚ್ಚೆಯಂತಾದ ನೀಲಿ ಗೀರುಗಳನ್ನು ಕಂಡು ಯಾರೋ ಮಾತು ನಿಲ್ಲಿಸಿದ್ದರು. ಮೂವತ್ತೊಂಬತ್ತು ವರ್ಷದ ಅವನಿಗೆ ಆ ಮೌನ ಈಗಲೂ ಕುತ್ತಿಗೆಯ ಹಿಂದೆ ತಣ್ಣಗೆ ತಗಲುತ್ತದೆ. ಅದಕ್ಕಿಂತ ದೊಡ್ಡ ಅವಮಾನ ಯಾರಿಗೂ ಕಾಣದ್ದು. ಅವನ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. "ಸಿಕ್ತಾ? ಅಲ್ಲೇ, ಹಗ್ಗದ ಗಂಟಿನ ಹಾಗೆ?" ಎಂದು ಪ್ರೂಯಿಟ್ ತಮ್ಮ ಸಣ್ಣ, ಗಂಟುಗಂಟಾದ ಕೈಯನ್ನು ಅವನ ಕೈಮೇಲಿಟ್ಟು ಕೇಳುತ್ತಿದ್ದರು. ಅಕ್ಕಪಕ್ಕದ ಮಕ್ಕಳೆಲ್ಲ ಸಿಕ್ತು ಸಿಕ್ತು ಅನ್ನುತ್ತಿದ್ದರು. ಅವನಿಗೆ ಸಿಕ್ಕುತ್ತಿದ್ದದ್ದು ಬರೀ ಚರ್ಮ, ಬಿಸಿ. ಮೊದಲ ವಾರ ಒಂದು ಸಲ "ಹೂಂ, ಸಿಕ್ತು" ಅಂದ. ಆಮೇಲೆ ಇಲ್ಲ ಅನ್ನುವುದಕ್ಕೆ ದಾರಿಯೇ ಉಳಿಯಲಿಲ್ಲ. ಸಂಜೆ ಮನೆಯಲ್ಲಿ ಹೆಂಡತಿ ರೋಡಾಳನ್ನು ಸೋಫಾದ ಮೇಲೆ ಬೋರಲು ಮಲಗಿಸಿ ಅಭ್ಯಾಸ ಮಾಡುತ್ತಿದ್ದ, ಅವಳು ದಿಂಬಿನೊಳಗಿಂದ "ಏನ್ ಸಿಕ್ತು ಡಾಕ್ಟ್ರೇ, ಚಿನ್ನವಾ?" ಅಂದರೆ ಪುಸ್ತಕದ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಅವಳು ನಗುತ್ತಿದ್ದಳು. ಅವಳಿಗೂ ಸುಳ್ಳು ಹೇಳಿದ್ದ.

ಇವತ್ತಿನ ಪರೀಕ್ಷೆಯಲ್ಲಿ ಮಲಗಿದ್ದವಳು ಟೆಸ್ಸಾ ವಿಟ್ಲಾಕ್. ಲೆಕ್ಸಿಂಗ್ಟನ್ ನಗರದ ಡಾಕ್ಟರ ಮಗಳು, ಅವನ ಮೇಜಿನ ಜೊತೆಗಾತಿ. ಹೋದ ವಾರ ಅವಳೇ ಊಟದ ಮೇಜಿನಲ್ಲಿ, ವಾಲಿಬಾಲ್ ಆಡಿ ಆಡಿ ತನ್ನ ಬಲಗಡೆಯ ನಾಲ್ಕನೇ ಪಕ್ಕೆಲುಬು ಸದಾ ಮೇಲೆಯೇ ಸಿಕ್ಕಿಕೊಂಡಿರುತ್ತದೆ, ಉಸಿರು ಬಿಟ್ಟಾಗ ಕೆಳಗಿಳಿಯುವುದೇ ಇಲ್ಲ ಎಂದು ಯಾರಿಗೋ ಹೇಳುತ್ತಿದ್ದಳು. ಎಲ್ಡನ್ ಕೈಯಿಟ್ಟ. ಕೈಯಿಟ್ಟು, ಮುಖವನ್ನು ಯೋಚನೆಗೆ ಬಿದ್ದವನಂತೆ ಮಾಡಿಕೊಂಡು, ಅದನ್ನೇ ಹೇಳಿದ. ಪ್ರೂಯಿಟ್ ಬಂದು ತಾವೂ ಮುಟ್ಟಿ ನೋಡಿದರು, ಅವನ ಬೆರಳುಗಳನ್ನು ಒಂದು ಕ್ಷಣ ನೋಡಿದರು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬರೆದರು.

ಕೈ ತೊಳೆಯುವ ಕೋಣೆಯಿಂದ ಹೊರಗೆ ಬಂದರೆ ಟೆಸ್ಸಾ ಗೋಡೆಗೊರಗಿ ಷೂ ದಾರ ಕಟ್ಟುತ್ತಿದ್ದಳು. ಅವನನ್ನು ನೋಡದೆ ಮೆಲ್ಲಗೆ ಅಂದಳು:

"ನಿಮ್ಮ ಕೈ ಐದನೇದರ ಮೇಲಿತ್ತು, ಎಲ್ಡನ್."

"ಹೌದಾ?"

"ಹೌದು. ಹೆಸರು ಮಾತ್ರ ನಾಲ್ಕನೇದು ಹೇಳಿದ್ರಿ." ಗಂಟು ಹಾಕಿ ಎದ್ದು ನಿಂತಳು. ಮುಖದಲ್ಲಿ ಕೋಪವಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. "ನಾನು ಯಾರ್ಗೂ ಹೇಳಲ್ಲ. ಆದ್ರೆ ನನ್ನನ್ನ ಕೇಳ್ಬಹುದಿತ್ತಲ್ಲ. ಅಭ್ಯಾಸಕ್ಕೆ ಎಷ್ಟು ಹೊತ್ತು ಬೇಕಾದ್ರೂ ಮಲ್ಕೋತಿದ್ದೆ."

ಅವಳು ಹೋದ ಮೇಲೂ ಅವನು ಹೂಂ ಅನ್ನುತ್ತಲೇ ಇದ್ದ.

ಪ್ರತಿ ಮಂಗಳವಾರ ಮಧ್ಯಾಹ್ನ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ ಉಚಿತ ಕ್ಲಿನಿಕ್. ಪ್ರೂಯಿಟ್ ಜೊತೆ ಒಬ್ಬ ವಿದ್ಯಾರ್ಥಿ ಹೋಗಬೇಕು, ಇವತ್ತು ಅವನ ಸರದಿ. ಆಕೆಯ ಹಳೆಯ ಕಾರು ಹೊಳೆಯ ಪಕ್ಕದ ರಸ್ತೆಯಲ್ಲಿ ತಿರುಗಿ ತಿರುಗಿ ಇಳಿಯುತ್ತಿತ್ತು. ಮಾರ್ಚ್ ಕೊನೆ, ಗುಡ್ಡದ ಬೋಳು ಕೊಂಬೆಗಳಲ್ಲಿ ರೆಡ್‌ಬಡ್ ಮರಗಳಷ್ಟೇ ನೇರಳೆಯಾಗಿ ಹೂಬಿಟ್ಟಿದ್ದವು. ಎಪ್ಪತ್ತೊಂದರ ಆಕೆ ಸ್ಟಿಯರಿಂಗ್ ಅನ್ನು ಎದೆಗಾನಿಸಿಕೊಂಡು, ಕಣ್ಣು ಕಿರಿದು ಮಾಡಿಕೊಂಡು ಓಡಿಸುತ್ತಿದ್ದರು. ಈಗ ಹೇಳಿಬಿಡಬೇಕು ಎಂದು ಅವನು ಒಂದೊಂದು ತಿರುವಿಗೂ ಅಂದುಕೊಂಡ. ಆ ಸೇತುವೆ ದಾಟಿದ ಮೇಲೆ. ಆ ಪೆಟ್ರೋಲ್ ಬಂಕ್ ದಾಟಿದ ಮೇಲೆ. ಹೇಳಿದರೆ ಏನಾಗುತ್ತದೆ? ಫೇಲು. ಫೇಲಾದರೆ ವರ್ಷ ಹೋಗುತ್ತದೆ. ವರ್ಷ ಹೋದರೆ ರೋಡಾ ಇನ್ನೊಂದು ವರ್ಷ ಶಾಲೆಯ ಬಸ್ಸು ಓಡಿಸಬೇಕು, ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ಹಾಗೆ ಯೋಚಿಸುವಾಗ ತಾನು ಹೆಂಡತಿಯ ನಿದ್ದೆಯನ್ನು ಮುಂದೆ ಹಿಡಿದು ಅದರ ಹಿಂದೆ ಅಡಗಿಕೊಳ್ಳುತ್ತಿದ್ದೇನೆ ಅನ್ನಿಸಿತು. "ಏನಪ್ಪ, ಪರೀಕ್ಷೆ ಮುಗಿದ ಮೇಲೂ ಉಸಿರು ಬಿಟ್ಟಿಲ್ವಲ್ಲ ನೀನು" ಅಂದರು ಪ್ರೂಯಿಟ್. ಅವನು ನಕ್ಕ. ಚರ್ಚು ಬಂತು.

ನೆಲಮಾಳಿಗೆಯಲ್ಲಿ ಕಾಫಿಯ, ಹಳೆಯ ಹಾಡಿನ ಪುಸ್ತಕಗಳ ವಾಸನೆ. ಭಾನುವಾರದ ಮಕ್ಕಳ ಪಾಠದ ಕೋಣೆಯಲ್ಲಿ ಒಂದು ಮಡಚುವ ಮೇಜು. ಮೂರನೆಯ ರೋಗಿಯಾಗಿ ಊರುಗೋಲು ಬಡಿಯುತ್ತ ಒಳಗೆ ಬಂದವನನ್ನು ಕಂಡು ಎಲ್ಡನ್‌ ಮೇಜಿನ ಹಿಂದಕ್ಕೆ ಸರಿದು ನಿಂತ. ರ‍್ಯಾನ್ಸಮ್ ಫ್ಯೂಗೇಟ್, ಗಣಿಯಲ್ಲಿ ಜೊತೆಗಿದ್ದವನು. ಹಿಂದೆ ಹೆಂಡತಿ ಒಲೆಟಾ, ಅವನ ಟೋಪಿ ಹಿಡಿದುಕೊಂಡು.

"ಅಯ್ಯಯ್ಯೋ ನೋಡೇ ಒಲೆಟಾ!" ರ‍್ಯಾನ್ಸಮ್ ಕೋಲಿನಿಂದ ತೋರಿಸಿದ. "ನಮ್ ಬಿಲದ ಹೆಗ್ಗಣ ಬಿಳೀ ಕೋಟು ಹಾಕ್ಕಂಡೈತೆ! ಏನ್ಲಾ ಎಲ್ಡನ್, ಇದು ಒಗದ್ರೆ ಹೋಯ್ತದೇನ್ಲಾ, ಒಳಗಿನ್ ಮಸಿ?" ನಗಲು ಹೋಗಿ ಕೆಮ್ಮು ಹತ್ತಿತು. ಒಲೆಟಾ ಬೆನ್ನು ನೀವಿದಳು.

"ಎರಡ್ ವಾರ ಆಯ್ತು ಕಣಪ್ಪ, ಹಿಂಗೇ," ಅಂದಳು. "ಮೆಟ್ಲು ಹತ್ತಕಾಗಲ್ಲ. ಕುಂತೇ ಮಲಗ್ತಾನೆ. ಗಣಿ ಧೂಳಿನ್ ಕೆಮ್ಮು, ಹಳೇದು ಅಂತಾನೆ. ಎಡಗಡೆ ನೋವು, ಪಕ್ಕೆಲುಬು ಹಿಡ್ಕಂಡೈತೆ, ನೆಟಿಗೆ ತೆಗಿಸ್ಕಂಡ್ ಬತ್ತೀನಿ ಅಂತ ಹೊಂಟ."

ಪ್ರೂಯಿಟ್ ಪಕ್ಕದ ಕೋಣೆಯಲ್ಲಿ ಒಬ್ಬ ಬಸುರಿಯನ್ನು ನೋಡುತ್ತಿದ್ದರು. "ನೀನು ಶುರು ಮಾಡು, ಬಂದೆ" ಎಂದು ಬಾಗಿಲಿನಿಂದಲೇ ಹೇಳಿದರು. ಒಲೆಟಾ ಹೊರಗೆ ಕಾಫಿ ತರಲು ಹೋದಳು.

ರ‍್ಯಾನ್ಸಮ್ ಅಂಗಿ ಬಿಚ್ಚುತ್ತಿದ್ದ. ಎಲ್ಡನ್ ಅವನ ಸೊಂಟವನ್ನು ನೋಡಬಾರದೆಂದುಕೊಂಡೇ ನೋಡಿದ. ಎಡ ಸೊಂಟ ಬಲದ್ದಕ್ಕಿಂತ ತಗ್ಗಾಗಿ, ಇಡೀ ದೇಹ ಅದರ ಕಡೆಗೆ ವಾಲಿತ್ತು. ಒಂಬತ್ತು ವರ್ಷದ ಹಿಂದೆ ಎರಡನೇ ಸುರಂಗದಲ್ಲಿ ಮೇಲ್ಛಾವಣಿ ಕುಸಿಯದಂತೆ ಬೋಲ್ಟು ಹೊಡೆಯುವ ಕೆಲಸ ಎಲ್ಡನ್‌ನದು. ಹೊಡೆಯುವ ಮೊದಲು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಛಾವಣಿಯನ್ನು ತಟ್ಟಬೇಕು, ಇನ್ನೊಂದು ಕೈಯನ್ನು ಬಂಡೆಗೆ ಒತ್ತಿಹಿಡಿಯಬೇಕು. ಗಟ್ಟಿ ಬಂಡೆ ಗಂಟೆಯಂತೆ ನುಡಿಯುತ್ತದೆ. ಒಳಗೆ ಬಿರುಕಿದ್ದರೆ ಡೊಳ್ಳಿನಂತೆ ಸದ್ದು, ಅಂಗೈಯಲ್ಲಿ ಜುಮ್ಮೆಂದು ನಡುಕ. ಆ ದಿನ ಊಟದ ಹೊತ್ತಾಗಿತ್ತು. ನಾಲ್ಕು ಕಡೆ ತಟ್ಟಿ, ಐದನೆಯ ಕಡೆ ತಟ್ಟದೆ "ಎಲ್ಲಾ ಸರಿ" ಎಂದು ಕೂಗಿದ್ದ. ಊಟ ಮಾಡಿ ಬಂದು ರ‍್ಯಾನ್ಸಮ್ ಅದರ ಕೆಳಗೆ ಹೋದ. ಬಂಡೆ ಕುಸಿದು ಧೂಳು ಇಳಿದ ಮೇಲೆ ಕಂಡದ್ದು ಅವನ ದೀಪವೊಂದೇ, ನೆಲದ ಮೇಲೆ ಬಿದ್ದು ಬಂಡೆಯ ಅಡಿಯನ್ನು ಬೆಳಗುತ್ತಿತ್ತು. ವಿಚಾರಣೆಯಲ್ಲಿ ಎಲ್ಡನ್ ತಟ್ಟಿದ್ದೆ ಅಂದ. ಬಂಡೆ ಹೇಳದೆ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು, ನಂಬಿದರು. ಅದಾದ ಮೇಲೆ ಅವನು ಗಣಿ ಬಿಟ್ಟು ಸಂಜೆ ಕಾಲೇಜಿಗೆ ಸೇರಿದ್ದನ್ನು ಜನ ಎಷ್ಟು ಹೊಗಳಿದರು! ಚರ್ಚಿನಲ್ಲಿ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿದರು.

"ಕೈ ಇಡ್ಲಾ, ಚಳಿ ಆಯ್ತದೆ" ಅಂದ ರ‍್ಯಾನ್ಸಮ್.

ಎಲ್ಡನ್ ಹಿಂದೆ ನಿಂತು ಎರಡೂ ಅಂಗೈಗಳನ್ನು ಬೆನ್ನಿನ ಕೆಳಭಾಗದ ಪಕ್ಕೆಗಳ ಮೇಲೆ ಹರಡಿದ. ಉಸಿರು ಎಳಕೊಳ್ಳಲು ಹೇಳಿದ. ಬಲಗೈ ಹೊರಕ್ಕೆ ಸರಿಯಿತು. ಎಡಗೈಗೆ ಏನೂ ತಿಳಿಯಲಿಲ್ಲ. ಮತ್ತೆ ಹೇಳಿದ. ಮತ್ತೆ ಏನಿಲ್ಲ. ಪುಸ್ತಕದ ಹೆಸರುಗಳು ಬಾಯಿಯ ತುದಿಗೆ ತಾವಾಗಿ ಬಂದು ನಿಂತವು: ಒಂಬತ್ತನೆಯದು, ಹತ್ತನೆಯದು, ಸಿಕ್ಕಿಕೊಂಡಿದೆ. ನೆಟಿಗೆ ತೆಗೆದರೆ ಆಯಿತು. ಇವನೂ ಅದನ್ನೇ ಕೇಳಿಕೊಂಡು ಬಂದಿದ್ದಾನೆ. ಅಷ್ಟರಲ್ಲಿ ಪ್ರೂಯಿಟ್ ಒಳಗೆ ಬಂದು ಕೈ ಒರೆಸಿಕೊಳ್ಳುತ್ತ ಕೇಳಿದರು, "ಏನಪ್ಪ?"

ಎಲ್ಡನ್‌ ಕೈ ತೆಗೆಯದೆಯೇ ತಲೆಯಾಡಿಸಿದ.

"ನನಗೆ ಗೊತ್ತಾಗ್ತಿಲ್ಲ ಡಾಕ್ಟ್ರೇ. ಎಡಗಡೆ ನನ್ನ ಕೈಗೆ ಏನೂ ಸಿಗ್ತಾ ಇಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ. ಕೈ ಸರಿಯಿಲ್ವೇನೋ."

ಆಕೆ ಅವನ ಕೈಗಳನ್ನು ತೆಗೆಸದೆ, ತಮ್ಮದನ್ನು ಪಕ್ಕದಲ್ಲಿಟ್ಟರು. ಎರಡು ಉಸಿರಿನಷ್ಟು ಕಾದರು. "ಕೈಗೇನಾಗಿಲ್ಲ," ಅಂದರು. "ಅಲ್ಲಿ ಅಲುಗಾಟವೇ ಇಲ್ಲ. ತಟ್ಟಿ ನೋಡು."

ಎಡಗೈಯ ನಡುಬೆರಳನ್ನು ಪಕ್ಕೆಯ ಸಂದಿಗೊತ್ತಿ ಬಲಗೈಯ ಬೆರಳಿನಿಂದ ಅದರ ಮೇಲೆ ತಟ್ಟಿದ. ಬಲಗಡೆ ಟೊಳ್ಳು ಸದ್ದು. ಎಡಗಡೆ ಹೆಗಲಿನ ಮೂಳೆಯ ಕೆಳಗೆ ಎರಡು ಬೆರಳಿನವರೆಗೆ ಟೊಳ್ಳು, ಅಲ್ಲಿಂದ ಕೆಳಗೆ ತೊಡೆಯ ಮೇಲೆ ತಟ್ಟಿದ ಹಾಗೆ ಸತ್ತ ಸದ್ದು. ಮತ್ತೊಮ್ಮೆ ಮೇಲಿನಿಂದ ತಟ್ಟುತ್ತ ಬಂದ. ಎಲ್ಲಿ ಸದ್ದು ಸಾಯುತ್ತದೋ ಅಲ್ಲಿ ಬೆರಳು ನಿಂತಿತು. ಯಾರೂ ಹೇಳಿಕೊಡಬೇಕಾಗಲಿಲ್ಲ.

"ನೀರು," ಅಂದ. "ಇಲ್ಲೀವರೆಗೆ ನೀರು ತುಂಬಿದೆ."

ಪ್ರೂಯಿಟ್ ಅವನ ಬೆರಳಿದ್ದ ಜಾಗವನ್ನು ತಾವೂ ತಟ್ಟಿದರು, ಕಿವಿಗೆ ಸ್ಟೆತಾಸ್ಕೋಪ್ ಹಾಕಿ ಕೇಳಿದರು, ರ‍್ಯಾನ್ಸಮ್‌ನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ನೆಟಿಗೆ ತೆಗೆಯುವುದಲ್ಲ ಇದು, ಶ್ವಾಸಕೋಶದ ಸುತ್ತ ನೀರು ನಿಂತಿದೆ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಎಕ್ಸ್ ರೇ ತೆಗೆಸಿ ಸೂಜಿಯಿಂದ ಇಳಿಸಬೇಕು, ಯಾಕೆ ನಿಂತಿದೆ ಅಂತ ಆಮೇಲೆ ಹುಡುಕಬೇಕು ಎಂದು ಮುಚ್ಚಿಡದೆ ಹೇಳಿದರು. ಫೋನು ಮಾಡಲು ಹೊರಗೆ ಹೋದರು. ರ‍್ಯಾನ್ಸಮ್ ಅಂಗಿಯ ಗುಂಡಿ ಹಾಕಿಕೊಳ್ಳಲು ನೋಡುತ್ತಿದ್ದ, ಗುಂಡಿ ತೂತಿಗೆ ಸೇರುತ್ತಿರಲಿಲ್ಲ. ಎಲ್ಡನ್ ಮಂಡಿಯೂರಿ ಕೆಳಗಿನ ಗುಂಡಿಯಿಂದ ಹಾಕುತ್ತ ಬಂದ. ಮುಖ ನೋಡಬೇಕಾಗಿರಲಿಲ್ಲ, ಅದು ಅನುಕೂಲವಾಯಿತು.

"ಅವತ್ತು ನಾನು ತಟ್ಟಿರಲಿಲ್ಲ," ಅಂದ. "ನೀನಿದ್ದ ಕಡೆ. ವಿಚಾರಣೇಲಿ ಸುಳ್ಳು ಹೇಳ್ದೆ."

ಗೋಡೆಯ ಮೇಲೆ ಮಕ್ಕಳು ಬಣ್ಣ ಹಚ್ಚಿದ ಹಡಗೊಂದಿತ್ತು, ಅದರ ತುಂಬ ಪ್ರಾಣಿಗಳು. ರ‍್ಯಾನ್ಸಮ್ ಅದನ್ನೇ ನೋಡುತ್ತಿದ್ದ.

"ಗೊತ್ತು," ಅಂದ.

ಎಲ್ಡನ್‌ನ ಕೈ ನಿಂತಿತು.

"ನಿನ್ ಹಿಂದೇನೇ ಇದ್ನಲ್ಲೋ. ನಾಕ್ ಸಲ ಕೇಳಿಸ್ತು. ಐದಕ್ಕೆ ಕಾಯ್ತಾ ಇದ್ದೆ, ನೀನು ಎಲ್ಲಾ ಸರಿ ಅಂತ ಕೂಗ್ದೆ. ಕೇಳ್ಬೇಕಾಗಿತ್ತು ನಾನು, ಯಾಕ್ಲಾ ಅಂತ. ಹಸಿವಾಗಿತ್ತು. ಒಲೆಟಾ ಅವರೆಕಾಳು ಸಾರು ಕಟ್ಟಿದ್ಲು, ಜೋಳದ್ ರೊಟ್ಟಿ." ಸ್ವಲ್ಪ ಉಸಿರು ಹಿಡಿದ. "ಎರಡ್ ವರ್ಷ ನಿನ್ ಹೆಸರು ಕೇಳುದ್ರೆ ಉಗೀತಿದ್ದೆ. ಸೊಂಟ ಹೋಗಿದ್ದು ನಂದು, ನಿಂದಲ್ಲ. ಆಮೇಲ್ ಸಾಕಾಯ್ತು."

"ಯಾರಿಗೂ ಹೇಳ್ಲಿಲ್ಲ ನೀನು."

"ನೀನೇ ಬಂದು ಹೇಳ್ತೀಯ ಅಂತ ಇದ್ದೆ. ಸೊಂಟ ಮುರ್ದೋನು ವರಾಂಡದಾಗೆ ಕುಂತಿರ್ತಾನೆ, ಬೇರೆ ಏನ್ ಕೆಲ್ಸ? ಬರೋ ಗಾಡಿ ಎಲ್ಲಾ ನೋಡ್ತಿದ್ದೆ. ಒಂಬತ್ ವರ್ಷ ತಕಂಡೆಯಲ್ಲೋ, ಬಡ್ಡೀಮಗನೆ." ಕುತ್ತಿಗೆಯ ಗುಂಡಿಯ ಹತ್ತಿರ ಬಂದಿದ್ದ ಎಲ್ಡನ್‌ನ ಕೈಯನ್ನು ಸರಿಸಿದ. "ಅದ್ ಬಿಡು. ಉಸಿರು ಕಟ್ತದೆ."

ಒಲೆಟಾ ಕಾಫಿ ಹಿಡಿದು ಬಂದಳು. ಅವನನ್ನು ಕಾರಿನ ತನಕ ಮೆಟ್ಟಿಲು ಹತ್ತಿಸುವಾಗ ರ‍್ಯಾನ್ಸಮ್ ಎಲ್ಡನ್‌ನ ತೋಳಿನ ಮೇಲೆ ಪೂರಾ ಭಾರ ಬಿಟ್ಟ. ಹನ್ನೊಂದು ಮೆಟ್ಟಿಲಿಗೆ ಮೂರು ಸಲ ನಿಂತರು. ಕಾರಿನ ಕಿಟಕಿ ಇಳಿಸಿ, "ಸೂಜಿ ದೊಡ್ಡದೇನ್ಲಾ?" ಎಂದು ಹೆಂಡತಿಗೆ ಕೇಳಿಸದ ಹಾಗೆ ಕೇಳಿದ. "ದೊಡ್ಡದೇ," ಅಂದ ಎಲ್ಡನ್. "ಆದ್ರೆ ಮರಗಟ್ಟಿಸ್ತಾರೆ. ಐದು ಗಂಟೆ ಹೊತ್ತಿಗೆ ನಾನೂ ಬರ್ತೀನಿ." ರ‍್ಯಾನ್ಸಮ್ ಕಿಟಕಿ ಏರಿಸಿದ.

ಮೂರೂವರೆಗೆ ಕಾಲೇಜಿಗೆ ಹಿಂತಿರುಗಿದಾಗ ಮೇಜುಗಳಿದ್ದ ದೊಡ್ಡ ಹಾಲ್ ಖಾಲಿಯಿತ್ತು. ಪ್ರೂಯಿಟ್ ಪರೀಕ್ಷೆಯ ಹಾಳೆಗಳನ್ನು ಜೋಡಿಸುತ್ತ ನಿಂತಿದ್ದರು. ಎಲ್ಡನ್ ಬ್ಯಾಗನ್ನು ಕೆಳಗಿಡದೆಯೇ ಹೇಳಿದ. ಊಟದ ಮೇಜಿನಲ್ಲಿ ಕೇಳಿದ್ದನ್ನು, ಬೆರಳು ಐದನೆಯದರ ಮೇಲಿದ್ದದ್ದನ್ನು, ಎರಡು ವರ್ಷದಿಂದ ಏನೂ ಸಿಗದೆಯೇ ಸಿಕ್ಕಿತು ಎನ್ನುತ್ತ ಬಂದದ್ದನ್ನು. ಒಮ್ಮೆ ಶುರುವಾದ ಮೇಲೆ ಸುಲಭವಾಗಿತ್ತು. ಅಷ್ಟು ಸುಲಭವಾದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಆಕೆ ಕೇಳಿ ಮುಗಿಸಿ, ಹಾಳೆಗಳ ನಡುವಿನಿಂದ ಅವನದನ್ನು ಹುಡುಕಿ ತೆಗೆದರು.

"ಬೆರಳು ಐದರ ಮೇಲಿದ್ದದ್ದು ನೋಡಿದೆ ನಾನು," ಅಂದರು. "ನನ್ನ ಕಣ್ಣೇ ಸರಿಯಿಲ್ಲ ಅಂದ್ಕೊಂಡೆ. ಹೋದ ತಿಂಗಳಿಂದ ಎರಡೆರಡು ಕಾಣುತ್ತೆ ಒಂದೊಂದ್ಸಲ. ಇನ್ನು ಪಾಠ ಬಿಡೋ ಕಾಲ ಬಂತು ಆಗ್ನೆಸ್, ಅಂತ ಬೆಳಿಗ್ಗೆಯಿಂದ ಅದೇ ಯೋಚನೆ. ರಾಜೀನಾಮೆ ಕಾಗದದ ಮೊದಲನೇ ಸಾಲು ಕೂಡ ಆಗಿತ್ತು."

ತನ್ನ ಸುಳ್ಳು ಇಷ್ಟು ಸಣ್ಣ ಹೆಂಗಸಿನ ಮೇಲೆ ಹೋಗಿ ಕೂತಿತ್ತೆಂದು ಅವನು ಎಣಿಸಿರಲಿಲ್ಲ. ಆಕೆ ಪೆನ್ನಿನಿಂದ ಹಾಳೆಯ ಮೇಲೆ ಅಡ್ಡಗೆರೆ ಎಳೆದರು. ಕೆಳಗೆ ಏನೋ ಬರೆದು ತೋರಿಸಿದರು: ಮರುಪರೀಕ್ಷೆ.

"ಯಾವಾಗ?"

"ಈಗಲೇ. ನನ್ನ ಮೇಲೇ ಮಾಡು." ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಷೂ ತೆಗೆದರು. ತೆಳು ಉಣ್ಣೆಯ ಅಂಗಿಯಲ್ಲಿ ಆಕೆ ಶಾಲೆಯ ಹುಡುಗಿಯಷ್ಟೇ ಇದ್ದರು. ಮೇಜು ಹತ್ತಲು ಅವನು ಕೈ ಕೊಡಬೇಕಾಯಿತು. ಬೋರಲು ಮಲಗಿ, ಮುಖವನ್ನು ಒಂದು ಕಡೆ ತಿರುಗಿಸಿ, "ಪುಸ್ತಕದ ಮಾತು ಒಂದೂ ಬೇಡ," ಅಂದರು. "ಸಿಗೋ ತನಕ ಕಾಯಿ. ಸಿಗದಿದ್ರೆ ಸಿಗಲಿಲ್ಲ ಅನ್ನು. ನನಗೇನೂ ಅವಸರ ಇಲ್ಲ."

ಅವನು ಬೆನ್ನಿನ ನಡುವೆ ಅಂಗೈಯಿಟ್ಟ. ಮೊದಲು ಉಣ್ಣೆ. ಆಮೇಲೆ ಬಿಸಿ. ಅಲ್ಲಿಗೆ ಯಾವತ್ತಿನಂತೆ ಎಲ್ಲವೂ ಮುಗಿಯಿತು, ಖಾಲಿ. ಎಂದಿನ ಗಾಬರಿ ಎದ್ದು ಬಂತು. ಹೇಳಬೇಕಾದ್ದು ಏನೂ ಇರಲಿಲ್ಲ, ಹೇಳಲೇಬೇಕೆಂದೂ ಇರಲಿಲ್ಲ, ಹಾಗಾಗಿ ಗಾಬರಿ ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತು ಹೊರಟುಹೋಯಿತು. ಕಿಟಕಿಯಾಚೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಆಕೆಯ ಉಸಿರು ಅವನ ಅಂಗೈಯನ್ನು ಎತ್ತಿತು, ಇಳಿಸಿತು. ಎಷ್ಟೋ ಹೊತ್ತಿನ ಮೇಲೆ, ಉಸಿರು ಇಳಿಯುವಾಗ ಎಡ ಹೆಗಲಿನ ಒಳಬದಿಯಲ್ಲಿ ಒಂದು ಜಾಗ ಮಾತ್ರ ಇಳಿಯದೆ ಉಳಿಯುತ್ತಿದೆ ಅನ್ನಿಸಿತು. ಭ್ರಮೆಯಿರಬೇಕು ಎಂದು ಮತ್ತೆ ಕಾದ. ಉಳಿಯಿತು. ಬಟ್ಟಲಿನಷ್ಟು ಅಗಲ, ಸುತ್ತಲಿನದಕ್ಕಿಂತ ಗಟ್ಟಿ, ಒತ್ತಿದರೆ ಹಿಂದಕ್ಕೆ ಒತ್ತುವಂಥದ್ದು. ತುಂಬ ದಿನದಿಂದ ಯಾರನ್ನೋ ಎತ್ತಿ ಕೂರಿಸಿ, ಮಲಗಿಸಿ, ಹೊರಳಿಸಿದ ಭುಜ. ಆಕೆಯ ಗಂಡ ಹೋದ ಚಳಿಗಾಲದಲ್ಲಿ ತೀರಿಕೊಂಡದ್ದು, ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದದ್ದು ಕಾಲೇಜಿಗೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದ ಹೀಗನಿಸಿತೋ, ಅನಿಸಿದ್ದರಿಂದ ನೆನಪಾಯಿತೋ ಎಂದು ಅವನು ತನ್ನನ್ನು ತಾನೇ ಗದರಿಸಿ ಕೇಳಿಕೊಂಡ. ಬೆರಳು ಮೊದಲು ಅಲ್ಲಿಗೆ ಹೋಗಿತ್ತು. ಅಷ್ಟು ಮಟ್ಟಿಗೆ ಪ್ರಮಾಣ ಮಾಡಬಹುದಿತ್ತು.

"ಡಾಕ್ಟ್ರೇ," ಅಂದ, "ಎಡ ಹೆಗಲ ಒಳಗೆ, ಇಲ್ಲಿ. ಉಸಿರು ಬಿಟ್ರೂ ಇದು ಬಿಡ್ತಾ ಇಲ್ಲ."

ಬಾಗಿ ನೋಡಿದ. ಬಾಯಿ ಸ್ವಲ್ಪ ತೆರೆದಿತ್ತು, ಕನ್ನಡಕ ಓರೆಯಾಗಿ ಕೆನ್ನೆಗೆ ಒತ್ತಿತ್ತು. ಆಕೆ ನಿದ್ದೆ ಹೋಗಿದ್ದರು.

ಅವನು ಬಿಡುವಾಗಿದ್ದ ಕೈಯಿಂದ ಕನ್ನಡಕವನ್ನು ಮೆಲ್ಲಗೆ ಬಿಡಿಸಿ, ಗೆರೆ ಎಳೆದ ಹಾಳೆಯ ಮೇಲಿಟ್ಟ. ಬೆನ್ನಿನ ಮೇಲಿದ್ದ ಕೈ ತೆಗೆದರೆ ಎಚ್ಚರವಾಗುತ್ತದೆ ಎಂದು ತೆಗೆಯಲಿಲ್ಲ. ಬಾಗಿಲು ಸದ್ದಾಯಿತು. ಮರೆತ ನೀರಿನ ಬಾಟಲಿಗೆ ಬಂದಿದ್ದ ಟೆಸ್ಸಾ ಅಲ್ಲೇ ನಿಂತಳು. ಅವನು ತುಟಿಯ ಮೇಲೆ ಬೆರಳಿಟ್ಟ. ಅವಳು ಷೂ ಕಳಚಿ ಕೈಯಲ್ಲಿ ಹಿಡಿದು, ಮೇಜುಗಳ ನಡುವೆ ತುದಿಗಾಲಲ್ಲಿ ಬಂದು, ಮಲಗಿದ್ದ ಮುದುಕಿಯನ್ನು, ಅವನ ಕೈಯನ್ನು ನೋಡಿದಳು.

"ಏನಾಗಿದೆ ಅವರಿಗೆ?" ಎಂದು ಪಿಸುಗುಟ್ಟಿದಳು.

ಎಲ್ಡನ್ ಇನ್ನೊಂದು ಉಸಿರು ಏರಿ ಇಳಿಯುವವರೆಗೂ ಕಾದ.

"ಸುಸ್ತಾಗಿದೆ," ಅಂದ.